ಸಹಾಯಕನ ಮಾವ

ಲಕೋಟೆಯ ಮೇಲೆ ನಿಮ್ಮ ತಾತನ ಹೆಸರಿತ್ತು, ಹೆಸರಿನ ಮುಂದೆ 'ಶ್ರೀ' ಎಂದೂ ಇತ್ತು. ಅಂಚೆಯವರು "ಇಲ್ಲೊಂದು ಸೈನ್ ಹಾಕ್ರಮ್ಮ" ಎಂದು ಕಾಗದ ಮುಂದೆ ಹಿಡಿದಾಗ, ತಾತ ತೀರಿಹೋಗಿ ಒಂದೂವರೆ ವರ್ಷವಾಯಿತು ಎಂದು ಹೇಳಬೇಕೋ ಬೇಡವೋ ತಿಳಿಯಲಿಲ್ಲ. ಸುಮ್ಮನೆ ನನ್ನ ಹೆಸರು ಬರೆದು ಕೊಟ್ಟು ಒಳಗೆ ಬಂದೆ.

ಆಗ ನೀವಿಬ್ಬರೂ ಹಾಸ್ಟೆಲಿನಲ್ಲಿದ್ದಿರಿ. ನಿಮ್ಮಮ್ಮ ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯ ಡ್ಯೂಟಿಗೆ ಹೋದರೆ, ಅವಳ ಹಿಂದೆಯೇ ನಿಮ್ಮಪ್ಪ ಶೇಂಗಾ ಮಂಡಿಗೆ ಹೊರಡುತ್ತಾರೆ. ಸಂಜೆವರೆಗೆ ಚಳ್ಳಕೆರೆಯ ಈ ಮನೆಯಲ್ಲಿ ನಿಮ್ಮ ಅಜ್ಜಿ ನಾನೊಬ್ಬಳೇ. ಹಿಂದಿನ ಬೀದಿಯಲ್ಲಿ ಎಣ್ಣೆ ಮಿಲ್ಲಿದೆ. ಅದು ಓಡದ ದಿನ ಮನೆಯಲ್ಲಿ ನನ್ನ ಬಳೆಯ ಸದ್ದೇ ನನಗೆ ದೊಡ್ಡದಾಗಿ ಕೇಳಿಸುತ್ತದೆ. ಅಂಥ ಒಂದು ದಿನ ಆ ಲಕೋಟೆ ಬಂತು. ಅದರಿಂದ ಏನಾಯಿತು ಎಂಬುದನ್ನು ನಿಮಗೆ ಬರೆದಿಡಬೇಕು ಅನ್ನಿಸಿದೆ. ಬಾಯಲ್ಲಿ ಹೇಳೆಂದರೆ ನನಗೆ ಬರುವುದಿಲ್ಲ, ಅರ್ಧಕ್ಕೆ ನಿಲ್ಲಿಸಿ ಒಳಗೆ ಹೋಗಿಬಿಡುತ್ತೇನೆ.

ಇದರಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ನಿಮ್ಮ ತಾತನ ಹೆಸರನ್ನು ನಾನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ, ಬರೆಯಲೂ ಕೈ ಬರುವುದಿಲ್ಲ. ಇನ್ನು ಆ ದೂರದೇಶದವನ ಹೆಸರು ನನ್ನ ನಾಲಿಗೆಗೆ ತಿರುಗುವಂಥದ್ದಲ್ಲ.

ಆ ದೂರದೇಶದವನು ಯಾರೆಂದು ಮೊದಲು ಹೇಳುತ್ತೇನೆ. ನಿಮ್ಮ ತಾತ ರಾಂಪುರದ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಿದ್ದರು, ಅದು ನಿಮಗೆ ಗೊತ್ತು. ನಿವೃತ್ತಿಯಾದ ಮೇಲೆ ಬೆಂಗಳೂರಿನ ಒಂದು ಪ್ರಕಾಶನದವರು, ದೊಡ್ಡ ಯುದ್ಧದ ಕಾಲದ ಜನರ ಬದುಕನ್ನು ಒಬ್ಬೊಬ್ಬರದು ನಾಲ್ಕೈದು ಪುಟದಂತೆ ಶಾಲೆಯ ಮಕ್ಕಳಿಗಾಗಿ ಪುಸ್ತಕ ಮಾಡುತ್ತೇವೆ, ನೀವೂ ಒಂದು ಬರೆದುಕೊಡಿ ಎಂದು ಕಾಗದ ಬರೆದಿದ್ದರು. ಜೊತೆಗೊಂದು ಪಟ್ಟಿ. ಪಟ್ಟಿ ಬರುವಷ್ಟರಲ್ಲಿ ದೊಡ್ಡವರನ್ನೆಲ್ಲ ಕಾಲೇಜಿನ ಪ್ರೊಫೆಸರುಗಳು ಹಂಚಿಕೊಂಡಾಗಿತ್ತು. ಉಳಿದಿದ್ದ ಮೂರು ಹೆಸರಿನಲ್ಲಿ ನಿಮ್ಮ ತಾತ ಒಬ್ಬ ಸರ್ವಾಧಿಕಾರಿಯ ಸೇನಾ ಸಹಾಯಕನನ್ನು ಆರಿಸಿಕೊಂಡರು.

"ಸಹಾಯಕ ಅಂದ್ರೆ ಅಂಗನವಾಡಿ ಸಹಾಯಕಿ ಇದ್ದಂಗಾ ಅಪ್ಪ?" ಎಂದು ನಿಮ್ಮಮ್ಮ ನಗಾಡಿದಳು.

ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. "ಡೀಸಿ ಸಾಹೇಬ್ರ ಹಿಂದೆ ದಫೇದಾರ ಇರ್ತಾನಲ್ಲ, ಅಂಥೋನಾ ಮಾವ?" ಎಂದು ಕೇಳಿದೆ.

ಅವರಿಗೆ ಅದು ಬಹಳ ಹಿಡಿಸಿತು. "ಹಂಗೇ ಅನ್ಕ. ಓದಿದ ದಫೇದಾರ. ನಕಾಶೆ ಬಿಡಿಸಿ ಹಿಡಿಯಾದು, ಯಾರು ಬಂದ್ರು ಅಂತ ಒಳಗೆ ಹೇಳಾದು, ಫೋನ್ ಬಂದ್ರೆ ಕೈಗೆ ಕೊಡಾದು. ಎಲ್ಲಾ ಬಾಗಿಲತ್ರಾನೂ ಇವ್ನು ಇದ್ದ."

"ಒಳ್ಳೇವ್ನಾ?"

"ಒಳ್ಳೇವ್ನು ಎಲ್ಲಿಂದ ಬರ್ತಾನೆ? ಒಳಗೆ ಏನೇನು ಮಾತಾಡಿದ್ರೋ ಎಲ್ಲಾ ಕೇಳಿಸ್ಕಂಡ. ಒಂದಿನಾನೂ ಬಾಯಿ ಬಿಡ್ಲಿಲ್ಲ. ಅಂಥೋನ್ನ ಮಕ್ಳಿಗೆ ತೋರಿಸಬೇಕು."

ಪ್ರತಿ ವರ್ಷ ಮಕ್ಕಳನ್ನು ಜಟಿಂಗ ರಾಮೇಶ್ವರದ ಬೆಟ್ಟ ಹತ್ತಿಸಿ ಶಾಸನ ತೋರಿಸುವಾಗಲೂ ಅವರು ರಾಜನ ಮಾತನ್ನು ಬೇಗ ಮುಗಿಸಿ, ಅದನ್ನು ಬರೆದವನ ವಿಷಯವನ್ನೇ ಹೆಚ್ಚು ಹೇಳುತ್ತಿದ್ದರಂತೆ. ದೊಡ್ಡವರ ಪಕ್ಕದಲ್ಲಿ ನಿಂತವರ ಮೇಲೆ ಅವರಿಗೆ ಮೊದಲಿನಿಂದಲೂ ಕಣ್ಣು.

ಬರೆದು ಕಳಿಸಿದರು. ಕಳಿಸಿದ ಮೇಲೆ ಪ್ರಕಾಶನದವರಿಂದ ಸುದ್ದಿಯಿಲ್ಲ. ನಿಮ್ಮ ತಾತ ಹಾಸಿಗೆ ಹಿಡಿದರು, ಹೋದರು. ಅವರು ಹೋದದ್ದು ಆ ಬೆಂಗಳೂರಿನವರಿಗೆ ಯಾರು ತಿಳಿಸಬೇಕು? ಅದಕ್ಕೇ ಆ 'ಶ್ರೀ'.

ಲಕೋಟೆಯಲ್ಲಿ ಅಚ್ಚಿಗೆ ಹೋಗುವ ಮುಂಚಿನ ಕರಡು ಇತ್ತು. ಐದು ಹಾಳೆ, ಅಂಚಿನಲ್ಲಿ ಪೆನ್ಸಿಲಿನಲ್ಲಿ ಒಂದರಿಂದ ಏಳರವರೆಗೆ ಅಂಕಿ. ಜೊತೆಯ ಕಾಗದದಲ್ಲಿ ಏಳು ಪ್ರಶ್ನೆ. ಮುಂದಿನ ಶುಕ್ರವಾರದೊಳಗೆ ಆಧಾರ ಸಹಿತ ಉತ್ತರ ಕೊಡಬೇಕು ಎಂದು ಕೊನೆಯಲ್ಲಿ ಫೋನ್ ನಂಬರ್ ಕೊಟ್ಟಿದ್ದರು.

ಎರಡು ಸಲ ನಂಬರ್ ಒತ್ತಿ ಎರಡು ಸಲವೂ ಕಟ್ ಮಾಡಿದೆ. ಮೂರನೆಯ ಸಲ ಆ ಕಡೆಯಿಂದಲೇ ಫೋನ್ ಬಂತು.

"ಈ ನಂಬರಿಂದ ಮಿಸ್ಡ್ ಕಾಲ್ ಇತ್ತು, ಯಾರು?" ಒಬ್ಬ ಹೆಣ್ಣುಮಗಳ ಧ್ವನಿ. ಪುಸ್ತಕದ ಸಂಪಾದಕಿ ಅವರೇ.

ನಾನು ಯಾರೆಂದು ಹೇಳಿದೆ. ಮೇಷ್ಟರು ಇಲ್ಲವೆಂದು ಹೇಳಿದೆ. ಅವರು, ತುಂಬ ಬೇಜಾರಾಯಿತು ಎಂದರು. ಆಮೇಲೆ ನಿಧಾನವಾಗಿ ಕೇಳಿದರು, "ಅಮ್ಮ, ಉತ್ತರ ಕೊಡೋಕೆ ಮನೇಲಿ ಬೇರೆ ಯಾರಾದ್ರೂ ಇದ್ದಾರಾ? ಇತಿಹಾಸ ಓದಿದವರು?"

"ಇಲ್ಲ."

"ಅಕ್ಷರದ ತಪ್ಪಾದ್ರೆ ನಾವೇ ತಿದ್ಕೋತೀವಿ. ವಿಷಯದಲ್ಲೇ ತಪ್ಪು ಬಂದ್ರೆ ಬೇರೆಯವರಿಂದ ಹೊಸದಾಗಿ ಬರೆಸೋದು ಅಂತ ಸಮಿತಿ ತೀರ್ಮಾನ ಮಾಡಿದೆ. ಹಾಗಾದ್ರೆ ಲೇಖನದ ಕೆಳಗೆ ಹೊಸದಾಗಿ ಬರೆದವರ ಹೆಸರೇ ಬರುತ್ತೆ. ನಿಮಗೆ ಮೊದಲೇ ಹೇಳಿಬಿಡೋದು ಒಳ್ಳೇದು ಅಂತ."

ನಾನು ಏನು ಹೇಳಿದೆನೋ ನನಗೇ ಆಶ್ಚರ್ಯ. "ಶುಕ್ರವಾರದೊಳಗೆ ಕಳಿಸ್ತೀನಿ ರೀ," ಎಂದುಬಿಟ್ಟೆ.

ಮಕ್ಕಳೇ, ನಿಮ್ಮ ತಾತ ಮೂವತ್ತು ವರ್ಷ ಸೀಮೆಸುಣ್ಣದಲ್ಲಿ ಬರೆದವರು. ಬರೆದದ್ದೆಲ್ಲ ಗಂಟೆ ಹೊಡೆದ ಕೂಡಲೇ ಅಳಿಸಿಹೋಗುತ್ತಿತ್ತು. ಪತ್ರಿಕೆಗಳಿಗೆ ಕಳಿಸಿದ್ದು ಯಾವುದೂ ಬರಲಿಲ್ಲ. ಅಚ್ಚಾಗಲು ಒಪ್ಪಿಗೆಯಾಗಿದ್ದು ಇದೊಂದೇ. ಇದರ ಕೆಳಗೆ ಬೇರೆಯವರ ಹೆಸರು ಬರುವುದೆಂದರೆ ನನಗೆ ತಡೆಯುವಂಥದ್ದಾಗಿರಲಿಲ್ಲ.

ನಾನು ನನ್ನಿವಾಳದ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಇಂಗ್ಲಿಷ್ ಅಕ್ಷರ ಗೊತ್ತು, ಕೂಡಿಸಿ ಓದಬಲ್ಲೆ, ಅರ್ಥ ಅಷ್ಟಕ್ಕಷ್ಟೇ. ನಿಮ್ಮ ತಾತ ಆಧಾರವೆಂದು ಇಟ್ಟುಕೊಂಡಿದ್ದ ಇಂಗ್ಲಿಷ್ ಪುಸ್ತಕ ದಪ್ಪನೆಯದು, ಹಳೆಯದು. ಅದನ್ನೂ ಅವರ ನಿಘಂಟನ್ನೂ ಅವರ ನೋಟ್ ಬುಕ್ಕನ್ನೂ ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆ. ನೋಟ್ ಬುಕ್ಕಿನಲ್ಲಿ ಅವರು ಒಂದೊಂದು ಮಾತಿಗೂ ಪುಟದ ಅಂಕಿ ಹಾಕಿದ್ದರು, ಹಾಗಾಗಿ ದಾರಿ ಸಿಕ್ಕಿತು.

ಮೊದಲ ಪ್ರಶ್ನೆ, ಸಹಾಯಕನ ಹುಟ್ಟೂರನ್ನು ಒಂದು ಕಡೆ ಒಂದು ರೀತಿ, ಇನ್ನೊಂದು ಕಡೆ ಇನ್ನೊಂದು ರೀತಿ ಬರೆದಿದ್ದಾರೆ, ಯಾವುದು ಸರಿ? ಎರಡೂ ಒಂದೇ ಊರು. ನಾವು ಮೊಳಕಾಲ್ಮೂರನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುವುದಿಲ್ಲವೇ, ಹಾಗೆ. ಎರಡನೆಯದು, ಒಮ್ಮೆ ಕ್ಯಾಪ್ಟನ್ ಎಂದೂ ಇನ್ನೊಮ್ಮೆ ಮೇಜರ್ ಎಂದೂ ಇದೆ. ಅದು ಬಡ್ತಿ. ಕೆಲಸಕ್ಕೆ ಸೇರುವಾಗ ಅದು, ಬಿಡುವಾಗ ಇದು. ಹೀಗೆ ಒಂದೊಂದಕ್ಕೂ ಅರ್ಧ ದಿನ, ಒಂದು ದಿನ ಹಿಡಿಯಿತು. ನಿಘಂಟಿನಲ್ಲಿ ಒಂದು ಪದ ಹುಡುಕಿ ಬರುವಷ್ಟರಲ್ಲಿ ಹಿಂದಿನ ಪದ ಮರೆತುಹೋಗಿರುತ್ತಿತ್ತು. ಮಧ್ಯಾಹ್ನ ಅನ್ನಕ್ಕೆ ಇಡುವುದನ್ನು ಎರಡು ದಿನ ಮರೆತೆ. ಆದರೂ ನಿಜ ಹೇಳುತ್ತೇನೆ, ಅವರು ಹೋದ ಮೇಲೆ ಅಷ್ಟು ಹೊತ್ತು ಅವರ ಜೊತೆ ಕೂತದ್ದು ಅದೇ ಮೊದಲು. ಅವರ 'ಳ' ಅಕ್ಷರದ ಬಾಲ ಕೆಳಗಿನ ಗೆರೆಯನ್ನು ಮುಟ್ಟುತ್ತಿತ್ತು. ಅದನ್ನು ನಾನು ಅದುವರೆಗೆ ಗಮನಿಸಿರಲಿಲ್ಲ.

ಮಂಗಳವಾರದ ಹೊತ್ತಿಗೆ ಆರು ಪ್ರಶ್ನೆ ಮುಗಿದವು. ಆರರಲ್ಲೂ ತಪ್ಪಿರಲಿಲ್ಲ. ಏಳನೆಯದು ಈ ವಾಕ್ಯ: "ಸೇನೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಮಾವನ ಮಾತಿನಿಂದ ಅವನಿಗೆ ಈ ಕೆಲಸ ದೊರೆಯಿತು." ಮುಂದಿನ ಪುಟದಲ್ಲಿ, ಕೆಲಸಕ್ಕೆ ಸೇರಿ ಎರಡು ವರ್ಷದ ಮೇಲೆ ಅವನಿಗೆ ಮದುವೆಯಾಯಿತು ಎಂದಿತ್ತು. ಕಾಗದದಲ್ಲಿ ಸಂಪಾದಕಿ ಕೇಳಿದ್ದರು: "ಮದುವೆಗೆ ಮೊದಲೇ ಮಾವ ಎಲ್ಲಿಂದ ಬಂದ? ಯಾವ ಮಾವ?"

ನಾನು ಒಬ್ಬಳೇ ಕೂತು ಜೋರಾಗಿ ನಕ್ಕೆ. ಮದುವೆಗೆ ಮೊದಲು ಮಾವ ಇರುವುದಿಲ್ಲವೇ? ಹುಟ್ಟುವುದಕ್ಕೆ ಮೊದಲೇ ಇರುತ್ತಾನೆ. ನಿಮ್ಮ ತಾತ ನನ್ನ ಅವ್ವನ ಕೊನೆಯ ತಮ್ಮ. ನನ್ನ ತೊಟ್ಟಿಲು ಕಟ್ಟುವಾಗ ಹಗ್ಗ ಹಿಡಿದಿದ್ದ ಹುಡುಗ ಅವರು. ಮದುವೆಗೆ ಮುಂಚೆಯೂ ಮಾವ ಅಂದೆ, ಆದ ಮೇಲೂ ಮಾವ ಅಂದೆ, ಕೊನೆಯ ದಿನ ಕಿವಿಯ ಹತ್ತಿರ ಬಗ್ಗಿ ಕರೆದದ್ದೂ ಅದೇ. ಬೆಂಗಳೂರಿನವರಿಗೆ ಮಾವ ಅಂದರೆ ಹೆಂಡತಿಯ ಅಪ್ಪ ಮಾತ್ರವಿರಬೇಕು. "ಇಲ್ಲಿ ಮಾವ ಎಂದರೆ ತಾಯಿಯ ತಮ್ಮ ಅಥವಾ ಅಣ್ಣ, ಸೋದರಮಾವ," ಎಂದು ಉತ್ತರ ಬರೆದೆ. ಆಧಾರ ಎಂಬಲ್ಲಿ ಪುಟದ ಅಂಕಿ ಹಾಕಲು ಇಂಗ್ಲಿಷ್ ಪುಸ್ತಕ ತೆಗೆದೆ.

ಅಲ್ಲಿ ಇದ್ದದ್ದು 'ಅಂಕಲ್' ಎಂದು. ಅದು ನನಗೂ ಗೊತ್ತಿರುವ ಪದ. ಅದರ ಮುಂದೆ ಆ ಅಂಕಲ್ಲಿನ ಹೆಸರಿತ್ತು. ಹೆಸರಿನ ಕೊನೆಯ ಪದದ ಮೇಲೆ ಬೆರಳಿಟ್ಟೆ. ಇನ್ನೊಂದು ಕೈಯ ಬೆರಳನ್ನು ಮೇಲಿನ ಸಾಲಿನಲ್ಲಿ ಸಹಾಯಕನ ಹೆಸರಿನ ಕೊನೆಯ ಪದದ ಮೇಲಿಟ್ಟೆ. ಒಂದೊಂದೇ ಅಕ್ಷರ ನೋಡಿದೆ. ಎರಡೂ ಒಂದೇ.

ನಿಮ್ಮ ತಾತನೇ ಒಮ್ಮೆ ಹೇಳಿದ್ದರು, ಆ ದೇಶದವರಿಗೆ ಕೊನೆಯ ಹೆಸರು ಅಪ್ಪನ ಮನೆತನದಿಂದ ಬರುತ್ತದೆ ಎಂದು. ಹಾಗಾದರೆ ಅವನು ತಾಯಿಯ ತಮ್ಮ ಹೇಗಾದಾನು? ಅಪ್ಪನ ಅಣ್ಣನೋ ತಮ್ಮನೋ ಆಗಬೇಕು.

ನಾನು ಪುಸ್ತಕ ಮುಚ್ಚಿಟ್ಟದ್ದು ಅದಕ್ಕಲ್ಲ. ಇದು ನನಗೆ ಮೊದಲೇ ಗೊತ್ತಿತ್ತು. ಅವರು ಈ ಲೇಖನ ಮುಗಿಸಿದ ದಿನ ನನಗೆ ಓದಿ ಹೇಳಿದ್ದರು. ನಾನು ಮೊರದಲ್ಲಿ ಸಜ್ಜೆ ಹಸನು ಮಾಡುತ್ತ ಕೇಳುತ್ತಿದ್ದೆ. ನಡುವೆ ಇಂಗ್ಲಿಷ್ ಪುಸ್ತಕ ತೆರೆದು ಅವರು ಆ ಎರಡು ಹೆಸರನ್ನು ಓದಿದಾಗ, ಇವೆರಡೂ ಒಂದೇ ಥರ ಮುಗಿಯುತ್ತವಲ್ಲ, ಮಾವನ ಮನೆತನವೂ ಅಳಿಯನ ಮನೆತನವೂ ಒಂದೇ ಹೇಗೆ ಎಂದು ಮನಸ್ಸಿಗೆ ಬಂದಿತ್ತು. ಕೇಳಲಿಲ್ಲ. ಏಳನೆಯ ಕ್ಲಾಸಿನವಳು ಮೇಷ್ಟರಿಗೆ ತಪ್ಪು ತೋರಿಸುವುದೇ ಎಂದು ಬಾಯಿ ಮುಚ್ಚಿಕೊಂಡೆ. "ಎಂಗೈತೆ?" ಎಂದು ಕೇಳಿದರು. "ಬಾಳ ಚೆನ್ನಾಗೈತೆ ಮಾವ," ಎಂದೆ. ಅವರಿಗೆ ಅವತ್ತು ಎಷ್ಟು ಖುಷಿಯಾಗಿತ್ತೆಂದರೆ ತಾವೇ ಎದ್ದು ಹೋಗಿ ಟೀ ಮಾಡಿಕೊಂಡು ಬಂದರು.

ಅವರಿಗೆ ಏಕೆ ತಪ್ಪಿತು ಎಂಬುದೂ ನನಗೆ ಗೊತ್ತು. ಅಂಕಲ್ ಎಂದು ಕಂಡ ಕೂಡಲೇ ಅವರ ಕೈ ಮಾವ ಎಂದು ಬರೆದಿತ್ತು. ದಿನಕ್ಕೆ ನೂರು ಸಲ ಆ ಪದವನ್ನು ಕೇಳುತ್ತಿದ್ದ ಮನೆಯಲ್ಲವೇ ಅದು?

ಸಂಜೆ ನಿಮ್ಮಮ್ಮ ಬಂದಳು. ಪುಸ್ತಕ ತೋರಿಸಿ, "ಇದು ಅಪ್ಪನ ಕಡೆಯೋನೋ ಅವ್ವನ ಕಡೆಯೋನೋ ನೋಡೇ," ಎಂದೆ.

"ಇಷ್ಟಕ್ಕೆ ನಿಘಂಟು ಯಾಕವ್ವ? ಫೋನ್ ಹಿಡಿದ್ರೆ ಕನ್ನಡದಾಗೆ ಬರುತ್ತೆ," ಎಂದು ಅವಳು ಫೋನನ್ನು ಪುಟದ ಮೇಲೆ ಹಿಡಿದಳು. ಅಕ್ಷರಗಳು ಕುಣಿದು ಕನ್ನಡವಾದವು. "ನೋಡು, ಚಿಕ್ಕಪ್ಪ ಅಂತೈತೆ. ಮುಗೀತಲ್ಲ?"

"ಅಪ್ಪನಿಗಿಂತ ಚಿಕ್ಕೋನು ಅಂತ ಅದಕ್ಕೆ ಎಂಗೆ ಗೊತ್ತು?"

"ಏನೋಪ್ಪ. ಗೊತ್ತಿಲ್ದೆ ಬರೀತದಾ?" ಅವಳಿಗೆ ದಣಿವಾಗಿತ್ತು. ಕಾಲು ಚಾಚಿ ಕೂತು ಕಣ್ಣು ಮುಚ್ಚಿದಳು.

ಮಾರನೆಯ ದಿನ ಯಾರಿಗೂ ಹೇಳದೆ, ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡು ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಅಲ್ಲಿ ನಿಮ್ಮ ತಾತನ ಜೊತೆ ಕೆಲಸ ಮಾಡಿದ್ದ ಇಂಗ್ಲಿಷ್ ಮೇಷ್ಟರಿದ್ದಾರೆ. ನೇಕಾರರ ಮನೆ. ಮುಂಚೆ ನಾಲ್ಕು ರೇಷ್ಮೆ ಮಗ್ಗಗಳಿದ್ದವು, ಈಗ ಒಂದಿದೆ, ಅದನ್ನು ಅವರ ಹೆಂಡತಿ ನೇಯುತ್ತಾರೆ. ನಾನು ಒಬ್ಬಳೇ ಬಸ್ಸಿನಲ್ಲಿ ಅಷ್ಟು ದೂರ ಹೋದದ್ದು ಅದೇ ಮೊದಲು. ತಳಕು ದಾಟುವವರೆಗೆ ಟಿಕೆಟನ್ನು ಮುಷ್ಟಿಯಲ್ಲೇ ಹಿಡಿದಿದ್ದೆ.

ಬಾಗಿಲಲ್ಲಿ ನನ್ನನ್ನು ಕಂಡು ಮೇಷ್ಟರು ಗಾಬರಿಯಾದರು. ವಿಷಯ ಹೇಳಿದ ಮೇಲೆ ನಕ್ಕರು. "ನೋಡ್ರಿ ಅತ್ತಿಗೆ, ಅಣ್ಣ ಇದ್ದಾಗ ನನ್ ಇಂಗ್ಲಿಷ್ ಮೇಲೆ ಅವನಿಗೆ ಒಂದಿನ ನಂಬಿಕೆ ಬರ್ಲಿಲ್ಲ. ಈಗ ನಿಮ್ಮನ್ನ ಕಳ್ಸ್ಯಾನೆ."

ಮಗ್ಗದ ಗುಂಡಿಯಲ್ಲಿ ಕೂತಿದ್ದ ಅವರ ಹೆಂಡತಿ, "ರಾ ಅಕ್ಕ, ಇಲ್ಲೇ ಕೂತ್ಕ. ಈ ಮನುಷ್ಯನ್ ಮಾತು ಮುಗಿಯಾದಿಲ್ಲ," ಎಂದು ತೆಲುಗು ಬೆರೆಸಿ ಕರೆದು ಪಕ್ಕದ ಚಾಪೆ ತೋರಿಸಿದರು.

ಫೋನು ಚಿಕ್ಕಪ್ಪ ಎಂದಿತು ಎಂದೆ. "ಅದಕ್ಕೇನು ಗೊತ್ತು? ಅದರ ಲೆಕ್ಕದಾಗೆ ಲೋಕದ ಅಂಕಲ್‌ಗಳೆಲ್ಲ ಚಿಕ್ಕಪ್ಪನೇ," ಎಂದರು ಮೇಷ್ಟರು. "ಇಂಗ್ಲಿಷ್‌ನೋರು ಜುಗ್ಗರು ಅತ್ತಿಗೆ. ನಮ್ಗೆ ದೊಡ್ಡಪ್ಪ, ಚಿಕ್ಕಪ್ಪ, ಮಾವ. ತೆಲುಗಿನಾಗೆ ಪೆದನಾನ್ನ, ಬಾಬಾಯಿ, ಮಾಮ. ಅವರು ಎಲ್ಲಾರಿಗೂ ಒಂದೇ ಟೋಪಿ ಹಾಕಿ ಕೂರಿಸ್ಯಾರೆ."

ಕನ್ನಡಕ ಏರಿಸಿಕೊಂಡು ಪುಸ್ತಕ ತಿರುವಿದರು. ನಾನು ನೋಡಿದ ಪುಟವನ್ನು ಬಿಟ್ಟು ಹಿಂದೆ, ಕೊನೆಯಲ್ಲಿದ್ದ ಸಣ್ಣ ಅಕ್ಷರದ ಟಿಪ್ಪಣಿಗಳಿಗೆ ಹೋದರು. ಬಹಳ ಹೊತ್ತು ಹುಡುಕಿದರು. ಮಗ್ಗದ ಸದ್ದು ನಡೆದೇ ಇತ್ತು. ಅವರ ಹೆಂಡತಿ ಲಾಳಿ ಎಸೆಯುತ್ತಲೇ, "ಎಲ್ಲೋ ಸತ್ತೋದೋನ ಬಂಧು ಬಳಗ ಹುಡುಕ್ತಾ ಕೂತೀರಲ್ಲ ಇಬ್ರೂ. ಮೊನ್ನೆ ನಮ್ ತಂಗಿ ಮಗಳ ಮದುವೆಗೆ ಯಾರ್ಯಾರನ್ನ ಕರೀಬೇಕು ಅಂತ ಕೇಳಿದ್ರೆ ಈ ಮನುಷ್ಯ ಬಾಯೇ ಬಿಡ್ಲಿಲ್ಲ," ಎಂದರು.

"ಸಿಕ್ತು," ಎಂದರು ಮೇಷ್ಟರು. "ಇಲ್ಲೈತೆ ನೋಡ್ರಿ. ಪೆಟರ್ನಲ್ ಅಂಕಲ್. ತಂದೆ ಕಡೆಯೋನು. ಅನುಮಾನಾನೇ ಇಲ್ಲ."

"ತಂದೆಗಿಂತ ದೊಡ್ಡೋನಾ, ಚಿಕ್ಕೋನಾ?"

ಮತ್ತೆ ನೋಡಿದರು. "ಅದಿಲ್ಲ. ಅವ್ರಿಗೆ ಅದು ಬೇಕಾಗಿಲ್ಲ."

ಪುಸ್ತಕ ಮುಚ್ಚಿ ನನ್ನ ಮುಖ ನೋಡಿದರು. ಸಂಪಾದಕಿ ಹೇಳಿದ್ದನ್ನು ಅಷ್ಟರಲ್ಲಿ ನಾನು ತಿಳಿಸಿದ್ದೆ, ವಿಷಯದ ತಪ್ಪಾದರೆ ಬೇರೆಯವರು ಬರೆಯುತ್ತಾರೆ, ಹೆಸರು ಹೋಗುತ್ತದೆ ಎಂದು. ಅವರು ಧ್ವನಿ ಇಳಿಸಿದರು. "ಅತ್ತಿಗೆ, ನಾನೊಂದು ಹೇಳ್ತೀನಿ. ಸೋದರಮಾವ ಅಂತ ಬರೆದು ಕಳ್ಸಿಬಿಡ್ರಿ. ಮದುವೆ ತಕರಾರೂ ಹೋಗ್ತದೆ, ಅಣ್ಣನ ಹೆಸ್ರೂ ಉಳೀತದೆ. ಈ ಹಿಂದಿನ ಟಿಪ್ಪಣೀನ ಬೆಂಗ್ಳೂರಿನಾಗೆ ಯಾರು ಬಂದು ನೋಡ್ತಾರೆ?"

ಸೋದರಮಾವ ಎಂದು ಬರೆದ ಕಾಗದ ಆಗಲೇ ನನ್ನ ಬ್ಯಾಗಿನಲ್ಲಿತ್ತು. ಅದನ್ನು ಅಂಚೆಗೆ ಹಾಕಿದರೆ ಸಾಕಿತ್ತು.

"ನಾನಾಗಿದ್ರೆ ಹಂಗೇ ಮಾಡ್ತಿದ್ದೆ," ಎಂದರು ಅವರು. ಕನ್ನಡಕ ತೆಗೆದು, "ಅವ್ನು ಮಾಡ್ತಿರ್ಲಿಲ್ಲ. ಅದಕ್ಕೇ ಅವನಿಗೂ ನನಗೂ ಮೂವತ್ತು ವರ್ಷ ಜಗಳ," ಎಂದು ಕಿಟಕಿಯ ಕಡೆ ತಿರುಗಿದರು.

ಊಟ ಮಾಡಿಸದೆ ಅವರು ಕಳಿಸಲಿಲ್ಲ. ಮಧ್ಯಾಹ್ನ ಹೊರಟು ಹೈವೇ ಕ್ರಾಸಿನಲ್ಲಿ ಇಳಿದು ಚಳ್ಳಕೆರೆ ಬಸ್ಸಿಗೆ ಕಾದೆ. ಬಳ್ಳಾರಿ ಕಡೆಯ ಬಸ್ಸೊಂದು ಬಂದು ನಿಂತಿತು. ಕಂಡಕ್ಟರ್ "ರಾಂಪುರ, ರಾಂಪುರ" ಎಂದು ಕೂಗಿದ. ನನ್ನ ಕಾಲು ತಾನಾಗಿ ಒಂದು ಹೆಜ್ಜೆ ಮುಂದೆ ಹೋಯಿತು. ಇಪ್ಪತ್ತೆರಡು ವರ್ಷ ಆ ಬಸ್ಸಿನಲ್ಲೇ ಮನೆಗೆ ಹೋದವಳು ನಾನು. "ಹತ್ತಮ್ಮ, ರಾಂಪುರಕ್ಕಾ?" ಎಂದು ಕೇಳಿದ. ಇಲ್ಲ ಎಂದು ತಲೆಯಾಡಿಸಿದೆ. ಅಲ್ಲಿ ನಾವಿದ್ದ ಬಾಡಿಗೆ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ಬಸ್ಸು ಹೋಯಿತು. ರಸ್ತೆಯ ಆಚೆ ಬಂಡೆಗಳ ಮೇಲೆ ಬಿಸಿಲು. ಅಷ್ಟು ದೊಡ್ಡ ಬಯಲಿನಲ್ಲಿ ನಾನು ಯಾವ ಕಡೆಗೆ ಹೋದರೂ ಕೇಳುವವರು ಯಾರೂ ಇಲ್ಲವಲ್ಲ ಎಂದು ಆ ಹೊತ್ತಿಗೆ ಅನ್ನಿಸಿದ್ದು ಇನ್ನೂ ನೆನಪಿದೆ.

ಚಳ್ಳಕೆರೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಯೋಚಿಸಿದೆ. ಮೇಷ್ಟರು ಹೇಳಿದಂತೆ ಮಾಡಿದರೆ ಯಾರಿಗೂ ತಿಳಿಯುವುದಿಲ್ಲ. ಯಾವುದೋ ದೇಶದ, ಯಾವುದೋ ಕಾಲದ, ಒಳ್ಳೆಯವನೂ ಅಲ್ಲದ ಒಬ್ಬನಿಗೆ ಕೆಲಸ ಕೊಡಿಸಿದ್ದು ಮಾವನಾದರೇನು, ಅಪ್ಪನ ಅಣ್ಣತಮ್ಮನಾದರೇನು? ಆದರೆ ಓದುವ ಮಕ್ಕಳು ಮಾವ ಎಂದೇ ನಂಬುತ್ತಾರೆ. ನಂಬಿಸಿದವರು ನಿಮ್ಮ ತಾತ ಎಂದು ಕೆಳಗೆ ಬರೆದಿರುತ್ತದೆ. ಅವರು ತಿಳಿಯದೆ ಬರೆದಾಗ ಅದು ಕೈತಪ್ಪು. ಈಗ ನಾನು ತಿಳಿದೂ ಬಿಟ್ಟರೆ ಅದು ಅವರ ಹೆಸರಿನಲ್ಲಿ ನಾನು ಹೇಳಿದ ಸುಳ್ಳಾಗುತ್ತದೆ. ಅವತ್ತು ಮೊರ ಹಿಡಿದುಕೊಂಡು ಸುಮ್ಮನಿದ್ದವಳು ಒಂದು ಮಾತು ಕೇಳಿದ್ದರೆ, ಅವರೇ "ಅರೆ ಹೌದಲ್ಲೇ" ಎಂದು ತಿದ್ದಿಬಿಡುತ್ತಿದ್ದರು. ಒಂದು ನಿಮಿಷದ ಕೆಲಸ.

ಗುರುವಾರ ಬೆಳಿಗ್ಗೆ ಎಲ್ಲರೂ ಹೋದ ಮೇಲೆ ಕರಡು ಮುಂದಿಟ್ಟುಕೊಂಡು ಕೂತೆ. ಕೆಂಪು ಪೆನ್ನು ಅವರದೇ, ಉತ್ತರ ಪತ್ರಿಕೆ ತಿದ್ದುತ್ತಿದ್ದದ್ದು. ಅದು ಬೇಡವೆನ್ನಿಸಿ ನೀಲಿ ಪೆನ್ನು ತೆಗೆದುಕೊಂಡೆ. 'ಮಾವನ' ಎಂಬ ಪದದ ಮೇಲೆ ಗೆರೆ ಎಳೆಯಬೇಕು. ಮೂರಕ್ಷರ. ಮನೆಯ ಮಾತಿನಲ್ಲಿ ಅವರಿಗೆ ಅದಲ್ಲದೆ ಬೇರೆ ಹೆಸರು ನನಗೆ ಇರಲಿಲ್ಲ. ಪೆನ್ನು ಇಟ್ಟು ಎದ್ದು ಹೋಗಿ ಪಾತ್ರೆ ತೊಳೆದು ಬಂದೆ. ಮತ್ತೆ ಕೂತು ಒಂದೇ ಗೆರೆ ಎಳೆದೆ, ಕೆಳಗಿನ ಅಕ್ಷರ ಕಾಣುವಂತೆ. ಮೇಲೆ 'ತಂದೆಯ ಸಹೋದರನ' ಎಂದು ಬರೆದೆ. ಉತ್ತರದ ಹಾಳೆಯಲ್ಲಿ, ಲೇಖಕರು ಅಂಕಲ್ ಎಂಬುದನ್ನು ತಪ್ಪಾಗಿ ತಿಳಿದಿದ್ದಾರೆ, ಆಧಾರ ಹಿಂದಿನ ಟಿಪ್ಪಣಿ, ಅಣ್ಣನೋ ತಮ್ಮನೋ ಎಂಬುದು ಪುಸ್ತಕದಲ್ಲಿ ಇಲ್ಲ ಎಂದು ಬರೆದೆ. ಸಂಜೆ ನಿಮ್ಮಮ್ಮ ಹಾಳೆಗಳ ಫೋಟೋ ತೆಗೆದು ಕಳಿಸಿದಳು. ಗೆರೆ ಎಳೆದದ್ದನ್ನು ಕಂಡಳು. ನನ್ನ ಭುಜದ ಮೇಲೆ ಕೈಯಿಟ್ಟು ಒಳಗೆ ಹೋದಳು.

ಮರುದಿನವೇ ಸಂಪಾದಕಿಯ ಫೋನ್.

"ಅಮ್ಮ, ಇದು ವಿಷಯದ ತಪ್ಪೇ ಆಯ್ತು."

"ಹೌದು ರೀ."

"ನೀವು ಹೇಳದಿದ್ರೆ ನನಗೆ ಗೊತ್ತಾಗ್ತಿರಲಿಲ್ಲ."

ಕರಡಿನ ಹಾಳೆಗಳನ್ನು ಮಡಿಸಿ ಲಕೋಟೆಗೆ ಹಾಕುತ್ತ ಕೇಳಿಸಿಕೊಂಡೆ.

"ಸಮಿತಿ ಮುಂದೆ ಇಡ್ತೀನಿ. ನಾನೊಬ್ಬಳೇ ತೀರ್ಮಾನ ಮಾಡೋ ಹಾಗಿಲ್ಲ," ಎಂದು ಇಟ್ಟರು.

ಮೂರು ವಾರ ಸುದ್ದಿಯಿಲ್ಲ. ಆ ಮೂರು ವಾರ ನಾನು ಯಾರ ಹತ್ತಿರವೂ ಈ ಮಾತು ಎತ್ತಲಿಲ್ಲ. ನೀವು ಭಾನುವಾರ ಫೋನ್ ಮಾಡಿದಾಗ, "ಏನ್ ಮಾಡ್ತಿದೀಯ ಅಜ್ಜಿ?" ಎಂದು ಕೇಳಿದಿರಿ. "ಏನಿಲ್ಲ, ಸುಮ್ನೆ ಕೂತಿದೀನಿ," ಎಂದೆ. ಹೇಳಲು ಹೊರಟಿದ್ದೆ. ಎಲ್ಲಿಂದ ಶುರುಮಾಡಬೇಕೋ ತಿಳಿಯಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ ಮತ್ತೆ ಫೋನ್ ಬಂತು. "ಅಮ್ಮ, 'ತಂದೆಯ ಸಹೋದರ' ಅನ್ನೋದು ಮಕ್ಕಳಿಗೆ ಒಣಒಣ ಅನ್ಸುತ್ತೆ. ದೊಡ್ಡ ಹುದ್ದೇಲಿದ್ದವನು ಅಂದ್ರೆ ವಯಸ್ಸಲ್ಲೂ ದೊಡ್ಡವನೇ ಇರಬೇಕು. ದೊಡ್ಡಪ್ಪ ಅಂತ ಹಾಕಿಬಿಡೋಣ್ವಾ?"

"ಬ್ಯಾಡ್ರಿ," ಎಂದೆ. ನನ್ನ ಧ್ವನಿ ನನಗೇ ಗಟ್ಟಿಯಾಗಿ ಕೇಳಿಸಿತು. "ಗೊತ್ತಿಲ್ಲದ್ದನ್ನ ಹಾಕ್ಬ್ಯಾಡ್ರಿ. ಅವ್ರು ಇದ್ದಿದ್ರೂ ಒಪ್ತಿರ್ಲಿಲ್ಲ."

ಅವರು ನಕ್ಕರು. ಕೆಟ್ಟ ನಗೆಯಲ್ಲ. "ಸರಿ ಅಮ್ಮ, ನೀವು ಬರೆದ ಹಾಗೇ ಇರಲಿ. ಇನ್ನೊಂದು ವಿಷಯ. ತಪ್ಪು ಹುಡುಕಿ ತಿದ್ದಿದ್ದು ಲೇಖಕರ ಮನೆಯವರೇ ಆದ್ದರಿಂದ, ಲೇಖಕರೇ ತಿದ್ದಿದ ಹಾಗೆ ಅಂತ ಸಮಿತಿ ಒಪ್ಪಿದೆ. ಕೆಳಗೆ ಅವರ ಹೆಸರೇ ಬರುತ್ತೆ."

ಮನೆಯವರು ಎಂದರೆ ನನಗೆ ಒಬ್ಬರೇ, ನಿಮ್ಮ ತಾತ. ಬೇರೆಯವರ ಮುಂದೆ ಅವರ ವಿಷಯ ಹೇಳುವಾಗ ಹಾಗೇ ಹೇಳುತ್ತಿದ್ದೆ. ಆ ಪದವನ್ನು ಒಬ್ಬರು ನನಗೆ ಹಚ್ಚಿ ಹೇಳಿದ್ದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವರು ಫೋನ್ ಇಟ್ಟಿದ್ದರು. ಮನೆಯಲ್ಲಿ ಯಾರೂ ಇರಲಿಲ್ಲ. ಮಿಲ್ಲು ಓಡುತ್ತಿತ್ತು. ನಿಮ್ಮಮ್ಮನ ಡ್ಯೂಟಿ ಮುಗಿಯಲು ಇನ್ನೂ ನಾಲ್ಕು ಗಂಟೆಯಿತ್ತು. ಅಷ್ಟು ಹೊತ್ತು ಆ ಸಂತೋಷವನ್ನು ಎಲ್ಲಿಡಬೇಕೋ ತಿಳಿಯದೆ, ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಅಡುಗೆಮನೆಗೆ ಓಡಾಡಿದೆ.

ಪುಸ್ತಕ ಬಂದು ಎಂಟು ತಿಂಗಳಾಯಿತು. ನೀವು ರಜೆಗೆ ಬಂದಾಗ ನೋಡಿದ್ದೀರಿ, ನೂರಾ ಹದಿನಾಲ್ಕನೆಯ ಪುಟ. ಮಧ್ಯಾಹ್ನ ಒಬ್ಬಳೇ ಇರುವಾಗ ಅದನ್ನು ಬಾಯಿಬಿಟ್ಟು ಓದುತ್ತೇನೆ. ಅವರು ನನಗೆ ಓದಿ ಹೇಳಿದ್ದರಲ್ಲ, ಎಲ್ಲಿ ನಿಲ್ಲಿಸಿದರು, ಎಲ್ಲಿ ಕನ್ನಡಕ ಸರಿಮಾಡಿಕೊಂಡರು, ಎಲ್ಲಾ ನೆನಪಿದೆ. ಓದುತ್ತ ಹೋದರೆ ಅವರದೇ ಧ್ವನಿ ಕೇಳಿಸುತ್ತದೆ. ಲೇಖನದ ಎರಡನೆಯ ಪುಟದಲ್ಲಿ 'ತಂದೆಯ ಸಹೋದರನ ಮಾತಿನಿಂದ' ಎಂಬಲ್ಲಿಗೆ ಬಂದಾಗ ಅದು ನಿಲ್ಲುತ್ತದೆ. ಅಲ್ಲಿ ಕೇಳುವುದು ನನ್ನ ಧ್ವನಿ. ಆಮೇಲೆ ಅವರು ಮುಂದುವರಿಸುತ್ತಾರೆ.